ತಣ್ಣೀರಿನ ಮಹಿಮೆ

ಅಕ್ಕನ ಗಂಡ ಕಟ್ಟಡ ಕಂಪನಿಯೊಂದರ ದೊಡ್ಡ ಅಧಿಕಾರಿ. ತಂಗಿಯ ಗಂಡ ಅದೇ ಕಂಪನಿಯ ಕ್ರೇನ್ ಆಪರೇಟರ್. ಷಡ್ಡಕರು. ಕಿರಿಯವನು ಹಿರಿಯವನನ್ನು ಮನೆಯಲ್ಲಿ ‘ಅಣ್ಣ’ ಎನ್ನುತ್ತಿದ್ದ, ಸೈಟಿನಲ್ಲಿ ‘ಸರ್’ ಎನ್ನುತ್ತಿದ್ದ. ಹಿರಿಯವನಿಗೆ ಮಾತ್ರ ಮನೆ, ಸೈಟು ಎಂಬ ಭೇದವಿರಲಿಲ್ಲ. ನೀರು ಕೊಡಿ ಎನ್ನುವುದಕ್ಕೂ ಎದ್ದು ನಿಂತು, ಎದುರಿಗೆ ನೂರು ಜನ ಕೂತಿದ್ದಾರೇನೋ ಎನ್ನುವ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅದಕ್ಕೇ ತಂಗಿ ಅವನಿಗೆ ಭಾಷಣ ಭಾವ ಎಂದು ಹೆಸರಿಟ್ಟಿದ್ದಳು. ತಂಗಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ದಿನವಿಡೀ ಗೇರು ಕಿತ್ತುಹೋಗುವ ಹಾಗೆ ಎಳೆಯುವವರ ಪಕ್ಕ ಕೂತು ಕೂತು ಅವಳ ನಾಲಿಗೆಗೂ ಹರಿತ ಬಂದಿತ್ತು.

ಭಾವನ ಭಾಷಣಕ್ಕೆ ವಿಷಯ ಒಂದೇ, ಆರೋಗ್ಯ. ಅವನಿಗೆ ವರ್ಷಾನುಗಟ್ಟಲೆ ಸೋರಿಯಾಸಿಸ್ ಇತ್ತು. ಮೊಣಕೈ, ತಲೆ, ಬೆನ್ನು ಎಲ್ಲ ಕಡೆ ಕೆಂಪು ತೇಪೆ, ಮೇಲೆ ಬೆಳ್ಳಗೆ ಹೊಟ್ಟು. ಕರಿ ಕೋಟು ಹಾಕಿಕೊಂಡರೆ ಹೆಗಲ ಮೇಲೆ ಹಿಟ್ಟು ಉದುರಿಸಿದ ಹಾಗೆ ಕಾಣುತ್ತಿತ್ತು. ಎರಡು ವರ್ಷದ ಕೆಳಗೆ ಅದೆಲ್ಲ ಇದ್ದಕ್ಕಿದ್ದ ಹಾಗೆ ಮಾಯವಾಯಿತು. ಹೇಗೆ ಎಂದು ಯಾರೂ ಕೇಳುವ ಮೊದಲೇ ಅವನು ಹೇಳುತ್ತಿದ್ದ. ಬೆಳಕು ಹರಿಯುವ ಮೊದಲೇ ಏಳುವುದು, ತಣ್ಣೀರು ಸ್ನಾನ, ಒಂದು ತುತ್ತಿಗೆ ಮೂವತ್ತೆರಡು ಸಲ ಅಗಿಯುವುದು, ಸಂಕಲ್ಪ. ಕಂಪನಿಯವರಿಗೆ ಇದೆಷ್ಟು ಹಿಡಿಸಿತೆಂದರೆ, ನೌಕರರ ಆರೋಗ್ಯ ಯೋಜನೆಯ ಸಮಿತಿಗೆ ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ತಣ್ಣೀರಿಗೆ ಖರ್ಚಿಲ್ಲವಲ್ಲ.

ಕ್ರೇನಿನವನಿಗೆ ಕಾಯಿಲೆ ಶುರುವಾದದ್ದು ಆ ಹೊತ್ತಿನಲ್ಲಿ. ಮೊದಮೊದಲು ಮಲದಲ್ಲಿ ರಕ್ತ ಕಂಡಾಗ ಅವನು ಹೆಂಡತಿಗೂ ಹೇಳಲಿಲ್ಲ. ಆಮೇಲೆ ಹೇಳದೆ ಬೇರೆ ದಾರಿಯಿರಲಿಲ್ಲ. ದಿನಕ್ಕೆ ಎಂಟು ಹತ್ತು ಸಲ ಓಡಬೇಕು. ಬಂತು ಎಂದರೆ ಬಂತು, ತಡೆಯುವ ಮಾತೇ ಇಲ್ಲ. ಅವನ ಕೆಲಸವೋ, ಆಕಾಶದಲ್ಲಿ. ಕ್ರೇನಿನ ಕಂಬದೊಳಗಿನ ಏಣಿ ಹತ್ತಿ, ಗಾಜಿನ ಗೂಡಿನಲ್ಲಿ ಕೂತರೆ ಇಳಿಯುವುದು ಊಟದ ಹೊತ್ತಿಗೆ. ಕಾಲ ಕೆಳಗೂ ಗಾಜು. ಅಲ್ಲಿಂದ ಕೆಳಗಿನ ಮನುಷ್ಯರು ಸಾಸಿವೆಕಾಳಿನ ಹಾಗೆ ಕಾಣುತ್ತಾರೆ.

ಒಂದು ಮಧ್ಯಾಹ್ನ ಕಾಂಕ್ರೀಟ್ ತುಂಬಿದ ಬಕೆಟ್ಟು ಗಾಳಿಯಲ್ಲಿ ತೂಗುತ್ತಿತ್ತು, ಕೆಳಗೆ ಕಂಬಿ ಕಟ್ಟುವವರು ಕಾಯುತ್ತಿದ್ದರು, ಆಗಲೇ ಹೊಟ್ಟೆ ಹಿಂಡಿತು. ಅವನು ಹಲ್ಲು ಕಚ್ಚಿಕೊಂಡು, ಬೆವರು ಕಣ್ಣಿಗಿಳಿಯುತ್ತಿದ್ದರೂ, ಬಕೆಟ್ಟನ್ನು ಇಳಿಸಬೇಕಾದ ಜಾಗದಲ್ಲೇ ಇಳಿಸಿದ. ಕೊಂಡಿ ಬಿಡಿಸಿದರೆಂದು ರೇಡಿಯೋದಲ್ಲಿ ಕೇಳಿದ ಮೇಲೆ ಎದ್ದ. ಏಣಿಯ ಅರ್ಧಕ್ಕೂ ಬರಲಾಗಲಿಲ್ಲ. ಕೆಳಗೆ ಇಳಿದಾಗ ಯಾರೋ ಮೂಗು ಮುಚ್ಚಿಕೊಂಡರು, ಯಾರೋ ನಕ್ಕರು. ವೆಲ್ಡಿಂಗ್ ಕೆಲಸದ ಹೆಂಗಸೊಬ್ಬಳು ಮಾತ್ರ ಏನೂ ಹೇಳದೆ ತನ್ನ ಮೇಲಂಗಿ ಬಿಚ್ಚಿ ಅವನ ಸೊಂಟಕ್ಕೆ ಸುತ್ತಿಕೊಳ್ಳಲು ಕೊಟ್ಟಳು.

ಮಾರನೇ ದಿನದಿಂದ ಅವನನ್ನು ಉಗ್ರಾಣಕ್ಕೆ ಹಾಕಿದರು. ಹೆಲ್ಮೆಟ್ ಕೊಡುವುದು, ಹೆಲ್ಮೆಟ್ ಇಸಿದುಕೊಳ್ಳುವುದು.

ಕರುಳಿನ ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡ್ಡಿ ಮುರಿದ ಹಾಗೆ. ಕಾಯಿಲೆಗೆ ಅಲ್ಸರೇಟಿವ್ ಕೊಲೈಟಿಸ್ ಎಂದು ಹೆಸರು, ದೊಡ್ಡ ಕರುಳಿನ ಒಳಮೈಯೆಲ್ಲ ಹುಣ್ಣು ಎಂದರು. ಮೊದಲು ಮಾತ್ರೆ ಕೊಟ್ಟರು. ಜಗ್ಗಲಿಲ್ಲ. ಆಮೇಲೆ ಸ್ಟೀರಾಯ್ಡ್ ಕೊಟ್ಟರು. ಅವನ ಮುಖ ಊದಿ ದುಂಡಗಾಯಿತು, ನಿದ್ದೆ ಹೋಯಿತು, ಎಂದೂ ದನಿ ಎತ್ತದವನು ಚಮಚ ಬಿದ್ದ ಸದ್ದಿಗೂ ರೇಗತೊಡಗಿದ. ರಕ್ತ ನಿಂತಿತು ನಿಜ. ಆದರೆ ಡೋಸು ಇಳಿಸಿದ ಕೂಡಲೇ ಮತ್ತೆ ಶುರುವಾಯಿತು.

“ಇನ್ನು ಬಯಾಲಜಿಕ್ ಕೊಡಬೇಕು,” ಎಂದರು ಡಾಕ್ಟರು. “ಮಾತ್ರೆ ಥರ ಅಲ್ಲ, ಜೀವಕೋಶಗಳಲ್ಲಿ ಬೆಳೆಸಿ ತೆಗೆಯೋ ಔಷಧ. ಇಂಜೆಕ್ಷನ್. ನಿಮ್ಮ ಮೈ ಕಾಯೋ ಪಡೆನೇ ನಿಮ್ಮ ಕರುಳಿನ ಮೇಲೆ ಬಿದ್ದಿದೆಯಲ್ಲ, ಅದರ ಕೈ ಕಟ್ಟಿಹಾಕುತ್ತೆ.”

“ಗ್ಯಾರಂಟಿನಾ ಡಾಕ್ಟ್ರೇ?” ಎಂದಳು ತಂಗಿ.

“ಗ್ಯಾರಂಟಿ ಬೇಕಾದ್ರೆ ಮಿಕ್ಸಿ ತಗೊಳಿ. ಇದು ಹತ್ತು ಜನಕ್ಕೆ ಕೊಟ್ರೆ ಐದಾರು ಜನ ಚೇತರಿಸ್ಕೋತಾರೆ. ಪೂರ್ತಿ ಶಾಂತ ಆಗೋರು ಅದಕ್ಕಿಂತ ಕಮ್ಮಿ. ಹಿಡಿದವರಲ್ಲೂ ಕೆಲವರಿಗೆ ವರ್ಷ ಎರಡು ವರ್ಷಕ್ಕೆ ಮಂಕಾಗುತ್ತೆ. ಆಗ ಬೇರೆ ಔಷಧ ನೋಡ್ತೀವಿ. ಅದೂ ಆಗದಿದ್ರೆ ಆಪರೇಷನ್, ದೊಡ್ಡ ಕರುಳು ತೆಗೀತೀವಿ. ಟಿಬಿ ಗಿಬಿ ಅಡಗಿಲ್ಲ ಅಂತ ಪರೀಕ್ಷೆ ಮಾಡಿಸಿ ಬನ್ನಿ, ಶುರು ಮಾಡೋಣ.”

“ಎಷ್ಟಾಗುತ್ತೆ?”

ಡಾಕ್ಟರು ಹೇಳಿದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದೊಂದು ಸೂಜಿ ಅವನ ತಿಂಗಳ ಸಂಬಳವನ್ನು ನುಂಗಿ ಇನ್ನೂ ಬಾಯಿ ತೆರೆಯುವಂಥದ್ದು. ಬೇಕಾದದ್ದು ಎರಡು ವಾರಕ್ಕೊಂದು. ಎಲ್ಲಿಯವರೆಗೆ ಎಂದರೆ, ಹಿಡಿದಷ್ಟು ಕಾಲ. ಕೊಡಬಲ್ಲದ್ದು ಕಂಪನಿಯ ಆರೋಗ್ಯ ಯೋಜನೆ ಮಾತ್ರ, ಅಂದರೆ ಸಮಿತಿ, ಅಂದರೆ ಭಾಷಣ ಭಾವ.

ಸಮಿತಿಯ ತೀರ್ಮಾನವನ್ನು ಭಾವ ತಾನೇ ಮನೆಗೆ ಬಂದು ತಿಳಿಸಿದ. ಉಪಕಾರ ಮಾಡುವವರ ಗತ್ತಿನಲ್ಲಿ ಸೋಫಾದ ಮುಂದೆ ನಿಂತ.

“ನೋಡಪ್ಪಾ, ಇದು ಜೀವನಶೈಲಿಯ ಕಾಯಿಲೆ. ಸೂಜಿ ಚುಚ್ಚಿಸ್ಕೊಂಡು ಶಿಸ್ತು ಬರಲ್ಲ. ಆರು ತಿಂಗಳು ಟೈಮ್ ಕೊಟ್ಟಿದ್ದೀವಿ. ತಣ್ಣೀರು ಸ್ನಾನ ಮಾಡು. ನಿಧಾನಕ್ಕೆ ಅಗಿ. ಆಮೇಲೂ ಹಾಗೇ ಇದ್ರೆ ಮತ್ತೆ ನೋಡೋಣ. ನನ್ನನ್ನೇ ನೋಡು, ಒಂದು ಮಾತ್ರೆ ಮುಟ್ಟಿದೀನಾ?”

“ರಕ್ತ ಹೋಗ್ತಾ ಇದೆ ಭಾವ,” ಎಂದಳು ತಂಗಿ.

“ರಕ್ತ ಕೆಟ್ಟಿದ್ರೆ ಹೋಗಲೇಬೇಕಲ್ಲಮ್ಮಾ,” ಎಂದ ಭಾವ.

ಕ್ರೇನಿನವನು ಒಂದು ವಾರ ತಣ್ಣೀರು ಸ್ನಾನವನ್ನೂ ಮಾಡಿದ. ಮಾಡದಿದ್ದರೆ ಅದನ್ನೇ ನೆಪ ಮಾಡುತ್ತಾರೆಂದು ಅವನಿಗೆ ಗೊತ್ತಿತ್ತು. ಎರಡನೇ ತಿಂಗಳಲ್ಲಿ ಉಗ್ರಾಣದ ಹೆಲ್ಮೆಟ್ ರಾಶಿಯ ಪಕ್ಕದಲ್ಲೇ ತಲೆ ತಿರುಗಿ ಬಿದ್ದ. ಆಸ್ಪತ್ರೆಯಲ್ಲಿ ರಕ್ತ ಏರಿಸಿದರು. ಸೊಂಟದ ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಯಿತು.

ಆ ದಿನಗಳಲ್ಲೇ ಅಕ್ಕ ಮನೆಯ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಳು. ತಂಗಿ ಬೆಳಗಿನ ಕ್ಲಾಸು ಮುಗಿಸಿ ನೋಡಲು ಹೋದಳು. ಕಣಕಾಲು ಬದನೆಕಾಯಿಯಾಗಿತ್ತು. ಐಸ್ ತರುತ್ತೇನೆಂದು ಅಡುಗೆಮನೆಗೆ ಹೋಗಿ ಫ್ರಿಜ್ ತೆಗೆದಳು. ಮೇಲಿನ ಖಾನೆಯಲ್ಲಿ ಐಸ್ ಸಿಗಲಿಲ್ಲ. ಕೆಳಗೆ ತರಕಾರಿ ಡಬ್ಬಿಯ ಹಿಂದೆ, ಟವೆಲ್ ಸುತ್ತಿಟ್ಟ ರಟ್ಟಿನ ಪೆಟ್ಟಿಗೆಯೊಂದು ಕೈಗೆ ಸಿಕ್ಕಿತು. ಟವೆಲ್ ಜಾರಿತು. ಪೆಟ್ಟಿಗೆಯ ಮೇಲಿದ್ದ ಹೆಸರನ್ನು ಅವಳು ಕಣ್ಣು ಮುಚ್ಚಿಕೊಂಡೂ ಓದಬಲ್ಲವಳಾಗಿದ್ದಳು. ಡಾಕ್ಟರು ಬರೆದುಕೊಟ್ಟದ್ದು ಅದನ್ನೇ. ಅಂಗಡಿಯಿಂದ ಅಂಗಡಿಗೆ ಅಲೆದು ಅವಳು ಬೆಲೆ ಕೇಳಿದ್ದೂ ಅದಕ್ಕೇ.

ಅಕ್ಕ ಗೋಡೆ ಹಿಡಿದು ಕುಂಟುತ್ತಾ ಬಾಗಿಲಿಗೆ ಬಂದಳು. “ಅದನ್ನ ಮುಟ್ಟಬೇಡ ಕಣೇ.”

“ಇದು ಯಾರಿಗಕ್ಕ?”

ಅಕ್ಕ ಪೆಟ್ಟಿಗೆಗೆ ಕೈ ಚಾಚಿದಳು.

“ಇದು ಯಾರಿಗೆ ಅಂತ ಕೇಳ್ದೆ.”

“ಅವರಿಗೆ. ಚರ್ಮಕ್ಕೂ ಅದೇ ಕೊಡ್ತಾರಂತೆ. ಎರಡು ವರ್ಷ ಆಯ್ತು. ಅಧಿಕಾರಿಗಳಿಗೆ ಕಂಪನಿಯಲ್ಲಿ ಬೇರೆ ಯೋಜನೆ ಇದೆ, ಅದರಲ್ಲಿ ಬರುತ್ತೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದಾರೆ.”

“ತಣ್ಣೀರು ಸ್ನಾನ?”

“ಅಯ್ಯೋ, ಗೀಸರ್ ಕೆಟ್ಟರೆ ಆ ದಿನ ಸ್ನಾನಾನೇ ಮಾಡಲ್ಲ,” ಎಂದ ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತಳು. “ನಿನ್ನ ಗಂಡನ ವಿಷಯ ನಾನು ಹೇಳಿ ನೋಡಿದೆ ಕಣೇ. ಒಬ್ಬನಿಗೆ ಕೊಟ್ರೆ ಎಲ್ಲರೂ ಸಾಲು ನಿಲ್ತಾರೆ ಅಂದ್ರು.”

ತಂಗಿ ಪೆಟ್ಟಿಗೆಗೆ ಮತ್ತೆ ಟವೆಲ್ ಸುತ್ತಿ ಒಳಗಿಟ್ಟಳು. ಹಾಳಾದರೆ ಹಾಳಾಗಲಿ ಎಂದು ಹೊರಗೇ ಬಿಡಬಹುದಿತ್ತು. ಬಿಡಲಿಲ್ಲ. ಔಷಧದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಭಾವನನ್ನು ಹಿಡಿಯಲು ಅವಳು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅವನೇ ಅವಳ ಹತ್ತಿರ ಕಾರು ಕಲಿಯುತ್ತಿದ್ದ. ಕಂಪನಿ ಖರ್ಚು ಕಡಿಮೆ ಮಾಡಲು ಅಧಿಕಾರಿಗಳ ಡ್ರೈವರುಗಳನ್ನು ತೆಗೆದುಹಾಕಿತ್ತು. ಐವತ್ತು ದಾಟಿದ ಮೇಲೆ ಬೇರೆಯವರ ಮುಂದೆ ತಡವರಿಸುವುದು ಮರ್ಯಾದೆಯಲ್ಲ ಎಂದು ಅವನು ನಾದಿನಿಯ ಕಾರನ್ನೇ ಆರಿಸಿಕೊಂಡಿದ್ದ. ಎರಡನೇ ಗೇರಿನಲ್ಲೇ ಊರು ಸುತ್ತುತ್ತಾ, ಹಿಂದಿನವರು ಹಾರ್ನ್ ಹೊಡೆದರೆ ಅವರಿಗೆ ತಾಳ್ಮೆಯಿಲ್ಲವೆಂದು ಮರುಗುತ್ತಿದ್ದ.

ಆ ದಿನ ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಅವನು ಶುರುಮಾಡಿದ. “ಹೇಗಿದ್ದಾನಮ್ಮಾ ನಿನ್ನ ಗಂಡ? ಅಗಿಯೋದು ರೂಢಿ ಆಯ್ತಾ?”

ತಂಗಿ ತನ್ನ ಕಡೆಯ ಬ್ರೇಕನ್ನು ಒತ್ತಿದಳು. ಕಾರು ಮುಗ್ಗರಿಸಿ ನಿಂತಿತು.

“ಯಾಕೆ? ಎದುರಿಗೆ ಏನೂ ಇಲ್ವಲ್ಲ?”

“ನಿಮ್ಮ ಫ್ರಿಜ್ಜಲ್ಲಿ ಇತ್ತು ಭಾವ. ತರಕಾರಿ ಡಬ್ಬಿ ಹಿಂದೆ.”

ಭಾವನ ಕೈ ಸ್ಟೀರಿಂಗ್ ಮೇಲೆಯೇ ಇತ್ತು. ಭಾಷಣಕಾರನಿಗೆ ಪೀಠಿಕೆಯೇ ಸಿಗಲಿಲ್ಲ.

“ನಂದು ಬೇರೆ,” ಎಂದ ಕೊನೆಗೆ. “ನಾನು ಹತ್ತು ಜನರ ಜೊತೆ ಕೂತು ವ್ಯವಹಾರ ಮಾತಾಡೋನು. ಮೈಯೆಲ್ಲ ಹೊಟ್ಟು ಉದುರಿಸ್ಕೊಂಡು ಹೋದ್ರೆ ಯಾರು ಕೈ ಕುಲುಕ್ತಾರೆ? ನಿನಗೇನು ಗೊತ್ತು. ಮೊಮ್ಮಗು ಹತ್ರ ಬರ್ತಿರ್ಲಿಲ್ಲ. ಹಾಸಿಗೆ ಮೇಲೆಲ್ಲ ರಕ್ತದ ಕಲೆ. ಎಷ್ಟು ದಿನ ಕೆರೆದು ಕೆರೆದು ಅತ್ತಿದ್ದೀನಿ.”

ಅದು ಸುಳ್ಳಲ್ಲವೆಂದು ತಂಗಿಗೆ ಗೊತ್ತಿತ್ತು.

“ನೀವು ತಗೊಂಡಿದ್ದು ತಪ್ಪು ಅಂತ ನಾನು ಹೇಳಿದ್ನಾ? ತಗೊಳಿ, ಚೆನ್ನಾಗಿರಿ. ಆದ್ರೆ ನೀವು ಸೂಜಿ ಚುಚ್ಚಿಸ್ಕೊಂಡು ನಮ್ಮ ತಲೆ ಮೇಲೆ ತಣ್ಣೀರು ಸುರೀತಿದ್ದೀರಲ್ಲ, ನಾಚಿಕೆ ಅನ್ನೋ ಪದಾರ್ಥ ಎಲ್ಲಿಟ್ಟಿದ್ದೀರಾ? ಅದನ್ನೂ ಟವೆಲ್ ಸುತ್ತಿ ಇಟ್ಟಿದ್ದೀರಾ?”

“ಏನು ಬೇಕು ನಿನಗೆ?”

“ನಿಮಗೆ ಏನು ಸಿಕ್ಕಿದೆಯೋ ಅದು.”

ಮಂಜೂರಾತಿ ಆ ವಾರವೇ ಬಂತು. ‘ವಿಶೇಷ ಪ್ರಕರಣ’ ಎಂದಿತ್ತು. ಜೊತೆಗೊಂದು ಷರತ್ತು: ನೌಕರರಿಗೆ ಔಷಧವನ್ನು ಮೊದಲು ತಂದ ಕಂಪನಿಯ ದುಬಾರಿಯದ್ದಲ್ಲ, ಆಮೇಲೆ ಬೇರೆಯವರು ತಂದ ಅಗ್ಗದ ತಯಾರಿಕೆಯೇ ಸಾಕು. ಭಾವ ಇದನ್ನು ಎರಡನೇ ದರ್ಜೆಯ ಭಿಕ್ಷೆ ಎಂದುಕೊಂಡೇ ಕೊಟ್ಟಿದ್ದ. ತಂಗಿಯೂ ಹಾಗೇ ಅಂದುಕೊಂಡು ಡಾಕ್ಟರ ಮುಂದೆ ಕೂಗಾಡಿದಳು.

ಡಾಕ್ಟರು ನಕ್ಕರು. “ಇದನ್ನ ಬಯೋಸಿಮಿಲರ್ ಅಂತಾರೆ. ಪರೀಕ್ಷೆ ಮಾಡಿ, ಹೋಲಿಸಿ ನೋಡಿಯೇ ಬಿಟ್ಟಿರೋದು. ಅದು ಎಷ್ಟು ಕೆಲಸ ಮಾಡುತ್ತೋ ಇದೂ ಅಷ್ಟೇ. ಜಾಸ್ತಿ ದುಡ್ಡು ಕೊಟ್ಟೋರಿಗೆ ಡಬ್ಬಿ ಸ್ವಲ್ಪ ಚೆನ್ನಾಗಿ ಸಿಗುತ್ತೆ.”

ಮೊದಲ ಒಂದು ತಿಂಗಳು ಏನೂ ಆಗಲಿಲ್ಲವೆಂದೇ ಹೇಳಬೇಕು. ಆಮೇಲೆ ಒಂದು ಬೆಳಗ್ಗೆ ಕ್ರೇನಿನವನು ಬಚ್ಚಲಿನಿಂದ ಹೊರಗೆ ಬಂದು ಬಾಗಿಲಲ್ಲೇ ನಿಂತ. ಹೆಂಡತಿ ಗಾಬರಿಯಾಗಿ “ಏನ್ರೀ?” ಎಂದಳು. “ಇಲ್ಲ,” ಎಂದ ಅವನು, “ರಕ್ತ ಇಲ್ಲ.” ಇಬ್ಬರೂ ಬಚ್ಚಲ ಬಾಗಿಲಿನಲ್ಲಿ ಮದುಮಕ್ಕಳ ಹಾಗೆ ನಿಂತು ನಕ್ಕರು. ಮೂರು ನಾಲ್ಕು ತಿಂಗಳಿಗೆ ಬೆಲ್ಟು ಹಳೇ ತೂತಿಗೆ ಬಂತು, ಸ್ಟೀರಾಯ್ಡ್ ನಿಂತಿತು. ಹೆಲ್ಮೆಟ್ ಕೊಡುವವನು ತಾನೇ ಹೆಲ್ಮೆಟ್ ಹಾಕಿಕೊಂಡು ಏಣಿ ಹತ್ತಿದ.

ಅಲ್ಲಿಗೆ ಎಲ್ಲವೂ ಮುಗಿಯಬಹುದಿತ್ತು. ಭಾವ ತೆಪ್ಪಗಿದ್ದಿದ್ದರೆ ಮುಗಿಯುತ್ತಿತ್ತು.

ಕಂಪನಿಯಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ದಿನ. ನೌಕರರು, ಅವರ ಮನೆಯವರು ಎಲ್ಲರಿಗೂ ಸಭಾಂಗಣದಲ್ಲಿ ಉಚಿತ ಬಿಸ್ಕತ್ತು ಮತ್ತು ಭಾವನ ಭಾಷಣ. ಎರಡೂ ಒಣಗಿದ್ದವು. ಅಕ್ಕ ಮೊದಲ ಸಾಲಿನಲ್ಲಿ ಕೂತಿದ್ದಳು, ತಂಗಿ ಹಿಂದೆ. ಅರ್ಧ ಗಂಟೆ ಸಂಕಲ್ಪದ ಗುಣಗಾನವಾದ ಮೇಲೆ ಭಾವ ಕೈ ಚಾಚಿದ. “ನಮ್ಮ ಕ್ರೇನ್ ಆಪರೇಟರನ್ನು ನೋಡಿ! ಹೋದ ವರ್ಷ ಹೇಗಿದ್ದ, ಈಗ ಹೇಗಿದ್ದಾನೆ! ಶಿಸ್ತಿಗೆ ಜೀವಂತ ಸಾಕ್ಷಿ. ಬಾರಪ್ಪಾ, ಎರಡು ಮಾತಾಡು.”

ಮಾತು ಬೇಡವೆಂದೇ ಆಕಾಶದಲ್ಲಿ ಕೂರುವ ಕೆಲಸ ಹಿಡಿದವನು ಅವನು. ವೇದಿಕೆಗೆ ಹೋಗಿ ಮೈಕನ್ನು ಎರಡು ಕೈಯಲ್ಲಿ ಹಿಡಿದುಕೊಂಡ.

“ನಮಸ್ಕಾರ. ಒಂದು ವಾರ ತಣ್ಣೀರು ಸ್ನಾನ ಮಾಡ್ದೆ. ನೆಗಡಿ ಆಯ್ತು.” ಯಾರೋ ಕಿಸಕ್ಕನೆ ನಕ್ಕರು. “ಮೂವತ್ತೆರಡು ಸಲ ಅಗಿದೆ. ದವಡೆ ಹಿಡ್ಕೊಳ್ತು. ವಾಸಿ ಆಗಿದ್ದು ಇಂಜೆಕ್ಷನ್‌ನಿಂದ. ಕಂಪನಿ ಕೊಡಿಸ್ತು. ಅಷ್ಟೇ.”

ನಗು ಅಡಗುವ ಮೊದಲೇ ನಡುವಿನ ಸಾಲಿನಲ್ಲಿ ವೆಲ್ಡಿಂಗ್ ಕೆಲಸದ ಹೆಂಗಸು ಎದ್ದಳು. ಅವಳು ತೀರಾ ಇಳಿದುಹೋಗಿದ್ದಳು. “ಸರ್, ನನಗೂ ಅದೇ ಕಾಯಿಲೆ. ಅದೇ ಇಂಜೆಕ್ಷನ್ ಬರೆದಿದ್ದಾರೆ. ನನಗೆ ಆರು ತಿಂಗಳು ಶಿಸ್ತು ಅಂದ್ರಿ. ಇವರಿಗೆ ಹೇಗೆ ಕೊಟ್ರಿ?”

ತನಗೆ ಸಿಕ್ಕಿದ್ದು ತನ್ನ ಬಾಯಿ ಮುಚ್ಚಿಸಲು ಕೊಟ್ಟದ್ದು, ಬೇರೆಯವರ ಪಾಲಿಗೆ ಬಾಗಿಲು ಮುಚ್ಚಿಯೇ ಇದೆ ಎಂದು ತಂಗಿಗೆ ಆಗ ಅರ್ಥವಾಯಿತು. ಅವಳು ಏಳಲು ಕುರ್ಚಿಯ ಹಿಡಿ ಹಿಡಿದಳು.

ವೇದಿಕೆಯ ಮೇಲೆ ಭಾವ ಮೈಕು ಕಿತ್ತುಕೊಂಡಿದ್ದ. “ಒಬ್ಬೊಬ್ಬರ ದೇಹಪ್ರಕೃತಿ ಒಂದೊಂದು ಥರ ಅಮ್ಮಾ. ಸಂಕಲ್ಪ ಇದ್ದವರಿಗೆ ಔಷಧಿ ಯಾಕೆ? ನಾನು ಒಂದು ಮಾತ್ರೆ ಮುಟ್ಟಿದವನಲ್ಲ. ಸಂಕಲ್ಪ ಇಲ್ಲದವರು ಹೇಗಿರ್ತಾರೆ ಅಂತ ನೋಡಬೇಕಾದ್ರೆ ದೂರ ಹೋಗೋದು ಬೇಡ, ನಮ್ಮ ಮನೆಯವರೇ ಇದ್ದಾರೆ. ಮನೆಯ ಮೆಟ್ಟಿಲು ಇಳಿಯೋಕೆ ಗಮನ ಇಲ್ಲ, ತಿಂಗಳುಗಟ್ಟಲೆ ಕುಂಟ್ತಾ ಇದ್ರು!” ಎಂದು ತಾನೇ ನಕ್ಕ.

ಅಕ್ಕ ಎದ್ದು ನಿಂತಳು. ಅವಳಿಗೆ ಮೈಕು ಬೇಕಾಗಲಿಲ್ಲ.

“ಮಾತ್ರೆ ಮುಟ್ಟಿಲ್ಲ, ಅದು ನಿಜ. ಸೂಜಿ. ಎರಡು ವಾರಕ್ಕೊಂದು. ಇದೇ ಇಂಜೆಕ್ಷನ್, ಅದೂ ದುಬಾರಿದು, ಇದೇ ಕಂಪನಿ ದುಡ್ಡು. ಚುಚ್ಚೋಳು ನಾನು. ಇವರಿಗೆ ಸೂಜಿ ಕಂಡ್ರೆ ಭಯ. ಕಣ್ಣು ಮುಚ್ಕೊಂಡು ದಿಂಬು ಕಚ್ಚಿ ಹಿಡೀತಾರೆ. ಸಂಕಲ್ಪ ಅಂತೆ!”

ಬಿಸ್ಕತ್ತು ಕಡಿಯುತ್ತಿದ್ದವರೂ ಕಡಿಯುವುದನ್ನು ನಿಲ್ಲಿಸಿದರು. ಭಾವ ಮೈಕಿನ ಸ್ವಿಚ್ಚನ್ನು ಹಾಕುವುದು ತೆಗೆಯುವುದು ಮಾಡುತ್ತಾ, ಕೆಟ್ಟಿದೆ ಎನ್ನುವ ಹಾಗೆ ಅದನ್ನೇ ನೋಡುತ್ತಿದ್ದ.

ಭಾವ ರಾಜೀನಾಮೆ ಕೊಟ್ಟನೆಂದು ಯಾರಾದರೂ ನಿರೀಕ್ಷಿಸಿದರೆ ಅವರಿಗೆ ಇಂಥ ಮನುಷ್ಯರ ಪರಿಚಯವಿಲ್ಲ. ‘ಕೆಲಸದ ಒತ್ತಡ’ದಿಂದ ಸಮಿತಿ ಬಿಟ್ಟ, ಅಷ್ಟೇ. ಹೊಸ ಸಮಿತಿಗೆ ಹೊರಗಿನ ಡಾಕ್ಟರೊಬ್ಬರನ್ನು ಹಾಕಿದರು. ತಜ್ಞರು ಬರೆದುಕೊಟ್ಟವರಿಗೆ ಔಷಧ ಸಿಗಬೇಕು, ಅಗ್ಗದ್ದು ಇದ್ದರೆ ಎಲ್ಲರಿಗೂ ಅಗ್ಗದ್ದೇ, ಅಧಿಕಾರಿಗಳೂ ಸೇರಿ ಎಂದಾಯಿತು. ಒಬ್ಬ ಅಧಿಕಾರಿಯ ಸೂಜಿಯ ಖರ್ಚಿನಲ್ಲಿ ಇಬ್ಬರು ನೌಕರರ ಸೂಜಿ ಬರುತ್ತಿತ್ತಂತೆ. ಭಾವನ ಚರ್ಮ ಅಗ್ಗದ ಔಷಧದಲ್ಲೂ ನುಣ್ಣಗೇ ಇತ್ತು. ಆದರೂ ಅವನು “ಆ ಹಳೇದರ ಹಿತ ಇದರಲ್ಲಿಲ್ಲ” ಎಂದು ಮುಖ ಹುಳ್ಳಗೆ ಮಾಡುತ್ತಿದ್ದ. ಅಕ್ಕ ತಂಗಿಯ ಮನೆಯಲ್ಲಿ ಕೆಲವು ದಿನ ಇದ್ದು ವಾಪಸ್ಸು ಹೋದಳು. ಚುಚ್ಚುವುದನ್ನು ಬಿಟ್ಟಳು. ಈಗ ಅವನು ಆ ಕೆಲಸಕ್ಕೆ ಕ್ಲಿನಿಕ್ಕಿಗೆ ಹೋಗಿ ಸಾಲಿನಲ್ಲಿ ಕೂರುತ್ತಾನೆ. ಡ್ರೈವಿಂಗ್ ಲೈಸೆನ್ಸ್ ಇನ್ನೂ ಸಿಕ್ಕಿಲ್ಲ.

ವೆಲ್ಡಿಂಗಿನವಳಿಗೆ ಆ ಇಂಜೆಕ್ಷನ್ ಹಿಡಿಯಲಿಲ್ಲ. ಅವಳಿಗೆ ಕೊಡುವಷ್ಟರಲ್ಲಿ ತಡವಾಗಿತ್ತೋ, ಮೊದಲೇ ಕೊಟ್ಟಿದ್ದರೂ ಹಿಡಿಯುತ್ತಿರಲಿಲ್ಲವೋ, ಡಾಕ್ಟರಿಗೂ ಹೇಳಲಾಗಲಿಲ್ಲ. ಇನ್ನೊಂದು ಬಯಾಲಜಿಕ್ ಕೊಟ್ಟು ನೋಡಿದರು, ಅದೂ ಜಗ್ಗಲಿಲ್ಲ. ಕೊನೆಗೆ ಆಪರೇಷನ್ನೇ ಆಯಿತು. ದೊಡ್ಡ ಕರುಳು ತೆಗೆದು, ಮಲ ಹೋಗಲು ಹೊಟ್ಟೆಯ ಹೊರಗೆ ಚೀಲ ಹಾಕಿ ಕಳಿಸಿದರು. ಕ್ರೇನಿನವನಿಗೂ ಎರಡನೇ ವರ್ಷದಲ್ಲಿ ಒಮ್ಮೆ ರಕ್ತ ಕಂಡಿತು. ಡಾಕ್ಟರು ಸೂಜಿಯನ್ನು ವಾರಕ್ಕೊಂದು ಮಾಡಿದರು. ಸದ್ಯಕ್ಕೆ ತಡೆದಿದೆ. ಎಷ್ಟು ದಿನ ಎಂದು ಕೇಳಿದರೆ ಡಾಕ್ಟರು ಮಿಕ್ಸಿ ಅಂಗಡಿಯ ದಾರಿ ತೋರಿಸುತ್ತಾರೆ.

ವೆಲ್ಡಿಂಗಿನವಳು ತಿಂಗಳುಗಳ ನಂತರ ಕೆಲಸಕ್ಕೆ ಮರಳಿದಳು, ಮೈ ತುಂಬಿಕೊಂಡು. ಸೈಟಿನಲ್ಲಿ ಊಟದ ಹೊತ್ತಿಗೆ ಅವಳೂ ಕ್ರೇನಿನವನೂ ಇಟ್ಟಿಗೆ ರಾಶಿಯ ನೆರಳಿನಲ್ಲಿ ಕೂರುತ್ತಾರೆ. ಚೀಲ ಯಾವಾಗ ಸೋರಿತು, ಯಾವ ಬಸ್ಸಿನಲ್ಲಿ ಮಾನ ಹೋಯಿತು, ಯಾವ ನರ್ಸಿನ ಕೈ ಮೆತ್ತಗೆ ಎಂದೆಲ್ಲ ದೊಡ್ಡ ದನಿಯಲ್ಲೇ ಮಾತು.

“ಊಟದ ಹೊತ್ತಿಗೆ ಇಂಥ ಮಾತಾ?” ಎಂದು ಮೇಸ್ತ್ರಿ ಡಬ್ಬಿ ಎತ್ತಿಕೊಂಡು ಆಚೆ ಹೋಗಿ ಕೂರುತ್ತಾನೆ.

“ಹೋಗಣ್ಣ ಹೋಗು,” ಎನ್ನುತ್ತಾಳೆ ಅವಳು, “ನಿನ್ನ ಹೊಟ್ಟೆ ನೆಟ್ಟಗಿದೆ.”